ಗಾಜಿನ ಕಪಾಟಿನೊಳಗಣ ಖಡ್ಗ

ಕೂಡಿಡುವ ಹಂಬಲ ಮನುಷ್ಯನಷ್ಟೇ ಹಳೆಯದು. ಒಂದು ಕಾಲದಲ್ಲಿ ಅವನು ಧಾನ್ಯವನ್ನು ಕೂಡಿಟ್ಟನು. ಬಳಿಕ ಭೂಮಿಯನ್ನು, ಬಂಗಾರವನ್ನು ಕೂಡಿಟ್ಟನು. ಇವೆಲ್ಲವೂ ತುಂಬಿದ ಮನೆಗಳಲ್ಲಿ ಇಂದು ಇನ್ನೊಂದು ಬಗೆಯ ಸಂಗ್ರಹ ತಲೆಯೆತ್ತಿದೆ. ಹಳೆಯ ಯುದ್ಧಗಳ ಕತ್ತಿ, ಕೋವಿ, ಪದಕಗಳು, ನೂರು ವರ್ಷದ ಹಿಂದಿನ ಆಟಿಕೆಗಳು, ಹಿತ್ತಾಳೆಯ ವೈಜ್ಞಾನಿಕ ಉಪಕರಣಗಳು, ಹಡಗಿನ ಮಾದರಿಗಳು. ಇವಕ್ಕೆಲ್ಲ ಒಂದೇ ಹೆಸರು: ಹವ್ಯಾಸ. ಹವ್ಯಾಸವೆಂದು ಕರೆದೊಡನೆ ಕೇಳಬೇಕಾದ ಪ್ರಶ್ನೆಗಳೆಲ್ಲ ನಿಂತುಬಿಡುತ್ತವೆ. ಬೇಟೆಯೂ ಒಂದು ಕಾಲದ ಅರಸರ ಹವ್ಯಾಸವೇ ಆಗಿತ್ತು. ಹೆಸರು ಸೌಮ್ಯವಾದ ಮಾತ್ರಕ್ಕೆ ಕರ್ಮ ಸೌಮ್ಯವಾಗುವುದಿಲ್ಲ.

ಲೆಕ್ಕ ಬಲ್ಲ ವರ್ತಕನು ಎಲ್ಲ ವಹಿವಾಟನ್ನೂ ಒಂದೇ ಖಾತೆಗೆ ಬರೆಯುವುದಿಲ್ಲ. ಈ ನಾಲ್ಕು ಬಗೆಯ ವಸ್ತುಗಳು ಒಂದೇ ಕಪಾಟಿನಲ್ಲಿ ಕುಳಿತಿದ್ದರೂ ಅವುಗಳ ಖಾತೆ ಬೇರೆ ಬೇರೆ. ಒಂದೊಂದನ್ನೂ ಬಿಡಿಸಿ ನೋಡುವುದು ನ್ಯಾಯ.

ಮೊದಲನೆಯದು ಶಸ್ತ್ರ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಸುಲ್ತಾನನು ಹತನಾದನು. ಅವನ ಶಯನಗೃಹದಲ್ಲಿ ದೊರೆತ ಖಡ್ಗವನ್ನು ದಾಳಿಯ ಮುಂದಾಳು ಡೇವಿಡ್ ಬೇರ್ಡ್ ಎಂಬ ಸೇನಾನಿಗೆ ಕಾಣಿಕೆಯಾಗಿ ಒಪ್ಪಿಸಲಾಯಿತು. 2023ರ ಮೇ ತಿಂಗಳಲ್ಲಿ ಅದೇ ಖಡ್ಗ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜುಕಟ್ಟೆಯಲ್ಲಿ 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಹರಾಜಿಗೆ ಮುಂಚೆ ಅಂದಾಜಿಸಿದ್ದ ಬೆಲೆ 15ರಿಂದ 20 ಲಕ್ಷ ಪೌಂಡು ಮಾತ್ರ. ಈ ಬೆಲೆಯನ್ನು ವ್ಯಾಪಾರಿಯ ಕಣ್ಣಿನಿಂದ ಬಿಡಿಸಿ ನೋಡಬೇಕು. ಉಕ್ಕಿನ ಬೆಲೆ ಎಷ್ಟು? ಹಿಡಿಯ ಮೇಲಣ ಚಿನ್ನದ ಬೆಲೆ ಎಷ್ಟು? ಕಮ್ಮಾರನ ಕೂಲಿ, ಅಕ್ಷರ ಕೆತ್ತಿದವನ ಕೂಲಿ ಎಷ್ಟು? ಇವನ್ನೆಲ್ಲ ಧಾರಾಳವಾಗಿ ಕೂಡಿಸಿದರೂ ಆ ಮೊತ್ತದ ಒಂದು ಮೂಲೆ ತುಂಬದು. ಉಳಿದುದೆಲ್ಲ ಒಬ್ಬ ಅರಸನ ಹೆಸರಿಗೂ ಅವನ ಸಾವಿಗೂ ಕಟ್ಟಿದ ಬೆಲೆ. ಆ ದಿನ ಕೋಟೆಯೊಳಗೆ ಅವನೊಡನೆ ಮಡಿದ ಸಾವಿರಾರು ಜನರ ರಕ್ತ ಈ ಲೆಕ್ಕದಲ್ಲಿ ಖರ್ಚಿನ ಕಡೆಗೆ ಎಲ್ಲಿಯೂ ಬಂದಿಲ್ಲ. ಖರ್ಚನ್ನು ಮುಚ್ಚಿಟ್ಟು ಲಾಭವನ್ನಷ್ಟೇ ತೋರಿಸುವ ಲೆಕ್ಕಪತ್ರವನ್ನು ಯಾವ ಪ್ರಾಮಾಣಿಕ ವರ್ತಕನು ಒಪ್ಪಿಯಾನು?

ಅದೇ ಅರಸನ ಚಿನ್ನ ಹೊದಿಸಿದ ಸಿಂಹಾಸನದ ಗತಿಯನ್ನೂ ನೆನೆಯಬಹುದು. ಕೊಳ್ಳೆಯನ್ನು ಸೈನಿಕರಲ್ಲಿ ಹಂಚುವುದಕ್ಕಾಗಿ ಅದನ್ನು ಒಡೆದು ತುಂಡುಮಾಡಲಾಯಿತು. ಅದರ ಕಟಾಂಜನದ ಮೇಲಿದ್ದ ಹುಲಿತಲೆಗಳಲ್ಲಿ ಒಂದು 2021ರಲ್ಲಿ ಬ್ರಿಟನ್ನಿನಿಂದ ಹೊರಹೋಗುವ ಸಂದರ್ಭ ಬಂದಾಗ, ಅಲ್ಲಿನ ಸರ್ಕಾರ ಅದಕ್ಕೆ 15 ಲಕ್ಷ ಪೌಂಡು ಬೆಲೆಯನ್ನು ಹೇಳಿ, ದೇಶ ಬಿಡದಂತೆ ತಾತ್ಕಾಲಿಕ ತಡೆ ಹಾಕಿತು. ಶ್ರೀರಂಗಪಟ್ಟಣದಿಂದ ಕೊಂಡೊಯ್ದ ವಸ್ತು ಬ್ರಿಟನ್ನನ್ನು ಬಿಟ್ಟು ಹೋಗಬಾರದೆಂಬುದು ಆ ತಡೆಯ ಅರ್ಥ! ಕೊಳ್ಳೆಯು ಎರಡು ನೂರು ವರ್ಷ ಗಾಜಿನೊಳಗೆ ಕುಳಿತರೆ ಪಿತ್ರಾರ್ಜಿತವಾಗಿಬಿಡುತ್ತದೆ. ಇದಕ್ಕೆ ವಿರುದ್ಧವಾದ ದಾರಿಯೂ ಇಲ್ಲದಿಲ್ಲ. 2022ರಲ್ಲಿ ಗ್ಲಾಸ್ಗೊ ನಗರದ ವಸ್ತುಸಂಗ್ರಹಾಲಯಗಳು ಏಳು ವಸ್ತುಗಳನ್ನು ಭಾರತಕ್ಕೆ ಹಿಂದಿರುಗಿಸಲು ಒಪ್ಪಂದ ಮಾಡಿಕೊಂಡವು. ಅವುಗಳಲ್ಲಿ ಹೈದರಾಬಾದಿನಿಂದ ಕಳವಾಗಿದ್ದ ಒಂದು ಖಡ್ಗವೂ ಸೇರಿತ್ತು. ಕದ್ದ ಮಾಲನ್ನು ಕೊಳ್ಳುವುದು ಅಚೌರ್ಯಾಣುವ್ರತದ ಅತಿಚಾರವೆಂದು ಶ್ರಾವಕರು ಬಾಲ್ಯದಿಂದಲೂ ಕೇಳಿದ್ದಾರೆ. ಕಳವು ಹಳೆಯದಾದರೆ ಅತಿಚಾರ ಅಳಿಯುತ್ತದೆಂದು ಯಾವ ಆಚಾರ್ಯರೂ ಹೇಳಿಲ್ಲ.

ಎರಡನೆಯದು ಆಟಿಕೆ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಶ್ರೀರಂಗಪಟ್ಟಣದಿಂದಲೇ ಹೋದ ಮರದ ಹುಲಿಯೊಂದಿದೆ. ಅದು ಒಬ್ಬ ಬಿಳಿಯನನ್ನು ಕೆಡವಿ ಅವನ ಮೇಲೆ ನಿಂತಿದೆ. ಹಿಡಿಕೆಯನ್ನು ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ, ಅವನ ಕೈ ಮೇಲೆ ಕೆಳಗೆ ಆಡುತ್ತದೆ. ಇತ್ತ ಈಸ್ಟ್ ಇಂಡಿಯಾ ಕಂಪನಿಯು ಅದೇ ವಿಜಯಕ್ಕಾಗಿ ತನ್ನ ಸೈನಿಕರಿಗೆ ಕೊಡಿಸಿದ ಪದಕದ ಮೇಲೆ ಸಿಂಹವೊಂದು ಹುಲಿಯನ್ನು ನೆಲಕ್ಕೆ ಒತ್ತಿ ಹಿಡಿದಿದೆ. ಒಬ್ಬರ ಆಟಿಕೆ, ಇನ್ನೊಬ್ಬರ ಪದಕ. ಎರಡರಲ್ಲಿಯೂ ಇರುವ ಭಾವ ಒಂದೇ. ಗೆದ್ದವರೂ ಸೋತವರೂ ಸಾವನ್ನು ವಿನೋದವಾಗಿಸಿಕೊಂಡರು. ಆ ವಿನೋದವನ್ನು ಈಗ ಮೂರನೆಯವರು ಬೆಲೆ ಕೊಟ್ಟು ಕೊಳ್ಳುತ್ತಾರೆ.

1893ರಲ್ಲಿ ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿಯು ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ಯತೊಡಗಿತು. ಸೀಸ ಕಡಿಮೆ ಸಾಕಾದುದರಿಂದ ಬೆಲೆ ಇಳಿಯಿತು. ಸಾಮಾನ್ಯರ ಮಕ್ಕಳ ಕೈಗೂ ಪಡೆಗಳು ಬಂದವು. ಆ ಸೈನಿಕರನ್ನು ಸಾಲುಗಟ್ಟಿ ನಿಲ್ಲಿಸಿ ಉರುಳಿಸುತ್ತಿದ್ದ ಹುಡುಗರಲ್ಲಿ ಎಷ್ಟೋ ಮಂದಿ 1914ರ ಮಹಾಯುದ್ಧದಲ್ಲಿ ತಾವೇ ಸಾಲುಗಟ್ಟಿ ಉರುಳಿದರು. ಸತ್ತವರ ಮನೆಗಳಿಗೆ ಬ್ರಿಟಿಷ್ ಸರ್ಕಾರ ಒಂದೊಂದು ಕಂಚಿನ ಬಿಲ್ಲೆಯನ್ನು ಕಳುಹಿಸಿತು. ಹಾಗೆ ಹಂಚಿದ ಬಿಲ್ಲೆಗಳ ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. ಅದರ ಮೇಲೆ ಸತ್ತವನ ಹೆಸರುಂಟು, ಹುದ್ದೆಯಿಲ್ಲ. ಸಾವಿನಲ್ಲಿ ದೊಡ್ಡವನು ಚಿಕ್ಕವನು ಎಂಬ ಭೇದ ಬೇಡವೆಂಬುದು ಅದರ ಆಶಯ. ಇಂದು ಸಂತೆಯಲ್ಲಿ ಆ ಬಿಲ್ಲೆಗಳಿಗೂ ಭೇದ ಹುಟ್ಟಿದೆ. ಹೆಸರಾಂತ ಕದನದಲ್ಲಿ ಸತ್ತವನದಾದರೆ ಬೆಲೆ ಹೆಚ್ಚು, ಆಸ್ಪತ್ರೆಯಲ್ಲಿ ಜ್ವರದಿಂದ ಸತ್ತವನದಾದರೆ ಕಡಿಮೆ. ತಾಯಿಯೊಬ್ಬಳಿಗೆ ಮಗನ ಬದಲಾಗಿ ಬಂದ ಕಂಚು ಅದು. ಅದನ್ನು ತೂಗಿ ನೋಡುವ ತಕ್ಕಡಿ ಯಾವುದು?

ಮೂರನೆಯದು ಹಡಗಿನ ಮಾದರಿ. ಇದರಲ್ಲೇನು ದೋಷ ಎಂದು ಕೇಳುವವರುಂಟು. ಮರದಿಂದ, ದಾರದಿಂದ ಕೈಯಾರೆ ಮಾಡಿದ ಮಾದರಿಯಲ್ಲಿ ದೋಷವಿಲ್ಲ. ಅದು ತಾಳ್ಮೆಯನ್ನು ಕಲಿಸುತ್ತದೆ. ಆದರೆ ಸಂಗ್ರಾಹಕರು ಹಂಬಲಿಸುವುದು ಮೂಳೆಯ ಹಡಗುಗಳಿಗೆ. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಇಂಗ್ಲೆಂಡಿನ ಪೀಟರ್‌ಬರೊ ಸಮೀಪದ ನಾರ್ಮನ್ ಕ್ರಾಸ್ ಎಂಬಲ್ಲಿ 1797ರಲ್ಲಿ ಒಂದು ದೊಡ್ಡ ಸೆರೆಶಿಬಿರ ತೆರೆಯಿತು. ಸೆರೆಸಿಕ್ಕ ಫ್ರೆಂಚರು ಮೊದಲಾದವರು ತಮಗೆ ಕೊಟ್ಟ ಮಾಂಸದಲ್ಲಿ ಉಳಿದ ಮೂಳೆಗಳನ್ನು ಕುದಿಸಿ, ತೇಯ್ದು, ಹಡಗು, ಪೆಟ್ಟಿಗೆ, ಆಟಿಕೆಗಳನ್ನು ಮಾಡಿ ಶಿಬಿರದ ಬಾಗಿಲಲ್ಲಿ ಮಾರುತ್ತಿದ್ದರು. ಆ ಶಿಬಿರದಲ್ಲಿ 1,700ಕ್ಕೂ ಹೆಚ್ಚು ಸೆರೆಯಾಳುಗಳು ಸತ್ತರು. ಅವರಲ್ಲಿ ಬಹುಮಂದಿ ಸಾಂಕ್ರಾಮಿಕ ಜ್ವರದಿಂದ. ಆ ಕೈಗಳ ಕುಶಲತೆಗೆ ತಲೆಬಾಗಬೇಕು. ಹಸಿವು, ಸೆರೆ, ಊರಿನ ನೆನಪು ಇವುಗಳ ನಡುವೆ ಹುಟ್ಟಿದ ಕಲೆ ಅದು. ಪೀಟರ್‌ಬರೊ ವಸ್ತುಸಂಗ್ರಹಾಲಯದಲ್ಲಿ ಆ ಸೆರೆಯಾಳುಗಳ ಕಥೆಯೊಡನೆ ಅವರ ಕೃತಿಗಳನ್ನು ಕಾಣುವವನಿಗೆ ಕರುಣೆ ಮೂಡುತ್ತದೆ. ಕಥೆಯನ್ನು ಕಳಚಿ, ಬೈಠಕ್ಕಿನ ಶೋಭೆಗೆಂದು ಪ್ರಾಣಿಯ ಮೂಳೆಯನ್ನು ಮನೆಗೆ ತರುವ ಅಹಿಂಸಾಧರ್ಮಿಗೆ ಏನು ಮೂಡುತ್ತದೆ? ದಂತವಾಣಿಜ್ಯವನ್ನು ಶ್ರಾವಕರಿಗೆ ನಿಷೇಧಿಸಿದ ಪೂರ್ವಾಚಾರ್ಯರು ಇದನ್ನು ಕಲೆಯೆಂಬ ಕಾರಣಕ್ಕೆ ಬಿಟ್ಟುಕೊಡುತ್ತಿದ್ದರೆ?

ನಾಲ್ಕನೆಯದು ವೈಜ್ಞಾನಿಕ ಉಪಕರಣ. ಇದರ ಖಾತೆ ಬೇರೆ. ಶ್ರೀರಂಗಪಟ್ಟಣದ ಅದೇ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯು ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಯಲ್ಲಿ ನೆಲದ ಅಳತೆಗೆ ತೊಡಗಿದನು. 1802ರಲ್ಲಿ ಮದರಾಸಿನ ಬಳಿ ಆರಂಭಿಸಿದ ಅವನ ಅಳತೆಯೇ ಬೆಳೆದು ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣವಾಯಿತು. ಅದಕ್ಕೆ ಬಳಸಿದ ಥಿಯೊಡೊಲೈಟ್ ಯಂತ್ರ ಅರ್ಧ ಟನ್ನು ತೂಗುತ್ತಿತ್ತು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಅದು ಗೋಡೆಗೆ ಬಡಿದು ಜಖಂಗೊಂಡಿತು. ಲ್ಯಾಂಬ್ಟನ್ ವಾರಗಟ್ಟಲೆ ಕುಳಿತು ಅದನ್ನು ಸರಿಪಡಿಸಿದನು. ಖಡ್ಗವೂ ಈ ಯಂತ್ರವೂ ಒಂದೇ ಯುದ್ಧದ ನೆರಳಿನವು. ಆದರೆ ಖಡ್ಗ ಬಿಟ್ಟುಹೋದುದು ಒಂದು ಬೆಲೆಯನ್ನು, ಯಂತ್ರ ಬಿಟ್ಟುಹೋದುದು ಒಂದು ಅಳತೆಯನ್ನು. ಮೊದಲನೆಯದು ಒಬ್ಬನ ಸೊತ್ತು, ಎರಡನೆಯದು ಎಲ್ಲರ ಅರಿವು. ಇಂಥ ಉಪಕರಣವನ್ನು ಗುಜರಿಯಿಂದ ಉಳಿಸಿ, ಶಾಲೆಯ ಮಕ್ಕಳ ಮುಂದಿಟ್ಟು, ಅದು ನಡೆಯುವ ಬಗೆಯನ್ನು ವಿವರಿಸುವವನು ಜ್ಞಾನದಾನವನ್ನೇ ಮಾಡುತ್ತಾನೆ. ಬೀಗ ಹಾಕಿಟ್ಟರೆ ಮಾತ್ರ ಅದೂ ಬರಿಯ ಹಿತ್ತಾಳೆ.

ಸಂಗ್ರಾಹಕರ ದೊಡ್ಡ ವಾದವೆಂದರೆ ತಾವು ಇತಿಹಾಸವನ್ನು ಉಳಿಸುತ್ತಿದ್ದೇವೆಂಬುದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಯುದ್ಧದ ರಾಕೆಟ್ಟುಗಳನ್ನು ಪುರಾತತ್ವ ಇಲಾಖೆ ಹೊರತೆಗೆಯಿತು. ಅವು ಎಲ್ಲಿದ್ದವು, ಹೇಗಿದ್ದವು, ಯಾವ ಮಣ್ಣಿನಲ್ಲಿದ್ದವು ಎಂಬುದು ತಿಳಿದಿರುವುದರಿಂದಲೇ ಅವು ಇತಿಹಾಸಕ್ಕೆ ಸಾಕ್ಷಿಯಾದವು. ಅವೇ ಒಂದೊಂದಾಗಿ ಸಂತೆಗೆ ಹೋಗಿದ್ದರೆ ಸಾವಿರ ಮನೆಗಳಲ್ಲಿ ಸಾವಿರ ಕಬ್ಬಿಣದ ಕೊಳವೆಗಳಿರುತ್ತಿದ್ದವು, ಇತಿಹಾಸ ಇರುತ್ತಿರಲಿಲ್ಲ.

ಎರಡನೆಯ ವಾದ: ಹಾರದ ಕೋವಿ, ಮೊಂಡಾದ ಕತ್ತಿ ಯಾರಿಗೂ ಕೇಡು ಮಾಡವು. ಎರಡನೆಯ ಮಹಾಯುದ್ಧದ ಕಾಲದ ವಿಮಾನಗಳ ಅನೇಕ ಮಾಪಕಗಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಬಳಿದಿದ್ದರು. ಆ ಹೊಳಪು ಎಂದೋ ಆರಿದೆ. ರೇಡಿಯಂ ಮಾತ್ರ ಹಾಗೆಯೇ ಇದೆ, ಅದು ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಶಸ್ತ್ರದ ಸ್ವಭಾವವೂ ಅಂಥದು. ಅಲಗು ಮೊಂಡಾದರೂ ಅದನ್ನು ಹಿಡಿದವನ ಮನಸ್ಸಿನಲ್ಲಿ ಏಳುವ ಕಲ್ಪನೆ ಮೊಂಡಾಗುವುದಿಲ್ಲ. ಸಮಂತಭದ್ರಾಚಾರ್ಯರು ಅನರ್ಥದಂಡಗಳನ್ನು ಎಣಿಸುವಾಗ ಹಿಂಸೆಯ ಸಾಧನಗಳನ್ನು ಇನ್ನೊಬ್ಬರಿಗೆ ಕೊಡುವ ಹಿಂಸಾದಾನವನ್ನೂ, ಪರರ ವಧಬಂಧನಗಳನ್ನು ಮನಸ್ಸಿನಲ್ಲಿ ನೆನೆಯುವ ಅಪಧ್ಯಾನವನ್ನೂ ಬೇರೆ ಬೇರೆಯಾಗಿಯೇ ಹೇಳಿದರು. ಕೈ ಸುಮ್ಮನಿದ್ದರೆ ಸಾಲದು, ಮನಸ್ಸೂ ಸುಮ್ಮನಿರಬೇಕು. ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿ ಅವರು ಅತಿಸಂಗ್ರಹವನ್ನು ಸೇರಿಸಿದರು. ಅದರ ಪಕ್ಕದಲ್ಲಿಯೇ ವಿಸ್ಮಯವನ್ನೂ ಇಟ್ಟರು. ಹರಾಜಿನ ಸುದ್ದಿಯನ್ನು ಓದಿ ಕಣ್ಣರಳಿಸುವವನು ಒಂದು ಕಾಸನ್ನೂ ಖರ್ಚು ಮಾಡದೆ ಅತಿಚಾರಕ್ಕೆ ಒಳಗಾಗುತ್ತಾನೆಂಬುದು ಎಷ್ಟು ಸೂಕ್ಷ್ಮವಾದ ಮಾತು!

ಈ ಮಾತುಗಳನ್ನು ಪರರಿಗೆ ಮಾತ್ರ ಹೇಳಿ ಸಮಾಜವು ಕೈತೊಳೆದುಕೊಳ್ಳುವಂತಿಲ್ಲ. ಮೂಡಬಿದಿರೆಯ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ದರ್ಶನದ ವಸ್ತುಗಳಾಗಿ ಉಳಿದವು. ವಿದ್ವಾಂಸರ ಓದಿಗೆ ದಕ್ಕಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಕಲು ಆರಂಭವಾಗಿ, 1939ರಲ್ಲಿ ಮೊದಲ ಸಂಪುಟ ಅಚ್ಚಾದಾಗ ಮಾತ್ರ ಅವು ಮತ್ತೆ ಶಾಸ್ತ್ರಗಳಾದವು. ಕಾಪಾಡಿದ ಹಿರಿಯರಿಗೆ ಕೃತಜ್ಞತೆ ಸಲ್ಲಬೇಕು. ಕಾಪಾಡುವುದೇ ಕೊನೆಯಾಗಬಾರದೆಂಬ ಪಾಠವನ್ನೂ ಕಲಿಯಬೇಕು.

ಆದುದರಿಂದ ಬಸದಿಗಳ ಟ್ರಸ್ಟುಗಳು ಕೆಲವು ನಿಯಮಗಳನ್ನು ಮಾಡಿಕೊಳ್ಳುವುದು ಯುಕ್ತ. ದಾನವಾಗಿ ಬಂದರೂ ಶಸ್ತ್ರಗಳನ್ನು ಅಲಂಕಾರಕ್ಕೆಂದು ಸ್ವೀಕರಿಸಬಾರದು. ಅವುಗಳ ಸ್ಥಾನ ಸಾರ್ವಜನಿಕ ವಸ್ತುಸಂಗ್ರಹಾಲಯ. ಯಾವ ಹಳೆಯ ವಸ್ತು ಬಂದರೂ ಅದು ಎಲ್ಲಿಂದ, ಯಾರ ಕೈಯಿಂದ ಬಂದಿತೆಂಬ ದಾಖಲೆಯನ್ನು ಕೇಳಬೇಕು. ರಸೀದಿಯಿಲ್ಲದ ಮಾಲನ್ನು ಅಂಗಡಿಗೆ ಇಳಿಸದವರು ಬಸದಿಗೆ ಇಳಿಸುವುದುಂಟೆ? 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ವಸ್ತುಗಳೂ, ಎಪ್ಪತ್ತೈದು ವರ್ಷ ಮೀರಿದ ಮಹತ್ವದ ಹಸ್ತಪ್ರತಿಗಳೂ ಪ್ರಾಚೀನ ವಸ್ತುಗಳೆನಿಸುತ್ತವೆ. ನೋಂದಣಿ ಬೇಕಾದವನ್ನು ನೋಂದಾಯಿಸಬೇಕು. ಇರಿಸಿಕೊಂಡುದನ್ನು ವರ್ಷಕ್ಕೊಮ್ಮೆಯಾದರೂ ಸಾರ್ವಜನಿಕರಿಗೆ ತೆರೆಯಬೇಕು.

ಗೃಹಸ್ಥರಿಗೆ ಹೇಳಬೇಕಾದುದು ಇನ್ನೂ ಸರಳ. ಹವ್ಯಾಸಕ್ಕೂ ಒಂದು ಪರಿಮಾಣವಿರಲಿ. ಕೊಳ್ಳುವ ಮುನ್ನ ಆ ವಸ್ತು ಯಾರ ನೋವಿನಿಂದ ಇಷ್ಟು ಬೆಲೆಬಾಳುತ್ತಿದೆ ಎಂದು ಒಮ್ಮೆ ಕೇಳಿಕೊಳ್ಳಲಿ. ಮನೆಗೆ ಬಂದ ಮೊಮ್ಮಗನು ಗಾಜಿನ ಕಪಾಟಿನತ್ತ ಬೆರಳು ತೋರಿಸಿ, ಇದರಿಂದ ಏನು ಮಾಡುತ್ತಿದ್ದರು ಎಂದು ಕೇಳುವ ದಿನ ಬಂದೇ ಬರುತ್ತದೆ. ದೂರದರ್ಶಕವಾದರೆ ನಕ್ಷತ್ರವನ್ನು ತೋರಿಸಬಹುದು. ಖಡ್ಗವಾದರೆ ಅಜ್ಜನು ಏನನ್ನು ತೋರಿಸುತ್ತಾನೆ?