ಮೊದಲ ಸರದಿ ಯಾರಿಗೆ?

ನಮ್ಮೂರು ರಾರಾವಿಯಲ್ಲಿ ಹುಡುಗರು ತಂಡ ಕಟ್ಟುವ ಕ್ರಮವೊಂದಿದೆ. ಸಮಬಲದ ಇಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು, "ಹುಲಿ ಬೇಕೋ, ಸಿಂಹ ಬೇಕೋ?" ಎಂದು ನಾಯಕನನ್ನು ಕೇಳುತ್ತಾರೆ. ಹುಲಿಯೆಂದರೆ ಯಾರು ದಕ್ಕುವರೋ ದೇವರೇ ಬಲ್ಲ. ಹಗರಿಯ ಮರಳಿನ ಮೇಲೆ ಈ ನ್ಯಾಯಕ್ಕೆ ಯಾರೂ ತಕರಾರು ತೆಗೆದುದನ್ನು ನಾನು ಕಂಡಿಲ್ಲ.

ಕಾಲೇಜಿನಲ್ಲಿ ಹಾಗಲ್ಲ. ನಮ್ಮ ನಾಲ್ಕು ತಂಡಗಳ ನಾಯಕರು ಹಳೆಯ ಕೆಲವರನ್ನು ಉಳಿಸಿಕೊಂಡು, ಮಿಕ್ಕವರನ್ನು ಸರದಿಯಂತೆ ಹೆಸರು ಹಿಡಿದು ಕರೆಯಬೇಕು. ಈ ಸಾರಿ ಕಾಲ್ಚೆಂಡಿನ ಪಂದ್ಯಗಳಿಗೆ ಚೀಟಿ ಎತ್ತಿದಾಗ ಮೊದಲ ಸರದಿ ನನಗೆ ಬಂತು. ಅಂದಿನಿಂದ ನನಗೆ ಉಪದೇಶಕ್ಕೇನೂ ಬರವಿಲ್ಲ. ಕಣ್ಣ ಮುಂದಿರುವವರು ಇಬ್ಬರು. ಒಬ್ಬ ಗೋಲು ಹೊಡೆಯುವ ಓಟಗಾರ, ನಮ್ಮೂರಿನವನೇ, ದಿನವೂ ನನ್ನೊಡನೆ ಒಂದೇ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಬರುವವನು. ಮತ್ತೊಬ್ಬ ಹಿಂದಿನ ಸಾಲಿನಲ್ಲಿ ನಿಂತು ಚೆಂಡು ತಡೆಯುವವನು. ಆಟ ಮುಗಿದ ಮೇಲೆ ಅವನ ಹೆಸರೆತ್ತುವವರಿಲ್ಲ.

ಈ ಪೀಕಲಾಟ ದೊಡ್ಡವರಿಗೂ ತಪ್ಪಿದ್ದಲ್ಲ. 2017ರ ಜುಲೈ 23ರಂದು ಮುಂಬಯಿಯಲ್ಲಿ ಇಂಡಿಯನ್ ಸೂಪರ್ ಲೀಗಿನ ಹತ್ತು ತಂಡಗಳು ದೇಶದ ಆಟಗಾರರನ್ನು ಹೀಗೆಯೇ ಸರದಿಯಲ್ಲಿ ಆರಿಸಿದವು. ಮೊತ್ತಮೊದಲ ಸರದಿಯ ಜಮ್‌ಶೆಡ್‌ಪುರವು ಕೇರಳದ ರಕ್ಷಣಾ ಆಟಗಾರ ಅನಸ್ ಎಡತೊಡಿಕರನ್ನು 1 ಕೋಟಿ 10 ಲಕ್ಷ ರೂಪಾಯಿಗೆ ಕರೆಯಿತು. ಬೆಂಗಳೂರಿನವರು ಸುನಿಲ್ ಛೇತ್ರಿ, ಉದಾಂತ ಸಿಂಗ್ ಇಬ್ಬರನ್ನೂ ಮೊದಲೇ ಉಳಿಸಿಕೊಂಡಿದ್ದರಿಂದ ಮೊದಲ ಎರಡು ಸುತ್ತು ಕೈಕಟ್ಟಿ ಕುಳಿತಿರಬೇಕಾಯಿತು. (ನಮ್ಮ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆ.ಎಸ್.ಡಬ್ಲ್ಯೂ ಸಂಸ್ಥೆಯೇ ಆ ತಂಡದ ಒಡೆಯರಾದುದರಿಂದ, ಅದು ಅರ್ಧ ನಮ್ಮದೆಂದರೆ ಬೆಂಗಳೂರಿನ ಮಿತ್ರರು ಮುನಿಯಬಾರದು.) ಮೊದಲ ಸರದಿಯನ್ನೇ ಬಿಟ್ಟುಕೊಟ್ಟು ಆಮೇಲೆ ಅವರು ಆರಿಸಿದವರಲ್ಲಿ ರಾಹುಲ್ ಭೇಕೆ ಎಂಬ ರಕ್ಷಣಾ ಆಟಗಾರನೊಬ್ಬ. 2019ರ ಮಾರ್ಚ್ 17ರ ಅಂತಿಮ ಪಂದ್ಯದಲ್ಲಿ ಗೋವಾದ ಮೇಲೆ 117ನೆಯ ನಿಮಿಷದಲ್ಲಿ ತಲೆಯಿಂದ ಚೆಂಡು ಹೊಡೆದು ಪ್ರಶಸ್ತಿ ತಂದವರು ಛೇತ್ರಿಯಲ್ಲ, ಈ ಭೇಕೆ! ಮೊದಲು ಕರೆಸಿಕೊಂಡ ಅನಸ್ ಒಂದು ವರ್ಷ ಆಡಿ ಕೇರಳಕ್ಕೆ ಹೋದರು.

ಹಾಗೆಂದು ಮೊದಲ ಸರದಿಗೆ ಬೆಲೆಯೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಅಮೆರಿಕದವರ ಫುಟ್‌ಬಾಲಿನಲ್ಲಿ (ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಆ ಹೆಸರೇಕೋ!) ಹಿಂದಿನ ವರ್ಷ ಕಡೆಯಲ್ಲಿ ನಿಂತ ತಂಡಕ್ಕೇ ಮೊದಲ ಸರದಿ ಸಲ್ಲುತ್ತದೆ. ಸೋತವನಿಗೊಂದು ಊರುಗೋಲು. ನಮ್ಮ ಚೀಟಿಯ ಪದ್ಧತಿಗಿಂತ ಅದು ಮೇಲೆಂದು ನನ್ನ ಅಭಿಪ್ರಾಯ. ಆದರೆ ಅಲ್ಲಿಯೂ ಟಾಮ್ ಬ್ರೇಡಿಯಂಥವನನ್ನು 2000ದಲ್ಲಿ ಕರೆದದ್ದು 199ನೆಯವನಾಗಿ. ಇತ್ತ ನಮ್ಮ ಕಬಡ್ಡಿಯಲ್ಲಿ, 2022ರ ಹರಾಜಿನಲ್ಲಿ 2 ಕೋಟಿ 26 ಲಕ್ಷಕ್ಕೆ ತಮಿಳರ ತಂಡ ಸೇರಿದ ಪವನ್ ಸೆಹ್ರಾವತ್ ಮೊದಲ ಪಂದ್ಯದಲ್ಲೇ ಮಂಡಿ ನೋಯಿಸಿಕೊಂಡು ವರ್ಷವಿಡೀ ಹೊರಗುಳಿದರು. ಒಬ್ಬನ ಕಾಲಿನ ಮೇಲೆ ಇಡೀ ತಂಡವನ್ನು ನಿಲ್ಲಿಸಿದರೆ ಹೀಗಾಗುವುದುಂಟು.

ಹೋದ ವರ್ಷ ನಾವು ಗೋಲು ಹೊಡೆಯಲಾರದೆ ಸೋತವರಲ್ಲ. ಹೊಡೆದುದಕ್ಕಿಂತ ಹೆಚ್ಚು ಬಿಟ್ಟುಕೊಟ್ಟು ಸೋತವರು. "ತಡೆಯುವವನನ್ನು ಎರಡನೆಯ ಸುತ್ತಿನಲ್ಲಿ ತೆಗೆದುಕೋ" ಎನ್ನುತ್ತಾರೆ ಮಿತ್ರರು. ಎರಡನೆಯ ಸುತ್ತು ತಿರುಗುಮುರುಗಾಗಿ ಬರುವುದರಿಂದ, ನನ್ನ ಸರದಿ ಮತ್ತೆ ಬರುವಷ್ಟರಲ್ಲಿ ಆರು ಹೆಸರು ಹೋಗಿರುತ್ತವೆ. ಓಡುವವರು ನಮ್ಮಲ್ಲಿ ಏಳೆಂಟು ಮಂದಿಯಿದ್ದಾರೆ, ಒಬ್ಬನಾದರೂ ಉಳಿದಾನು. ತಡೆಯುವವನು ಒಬ್ಬನೇ. ಹೀಗಾಗಿ ನನ್ನ ಮೊದಲ ಕೂಗು ಅವನಿಗೇ. ಉಳಿಯುವ ಓಟಗಾರ ನನ್ನ ಗೆಳೆಯನಾಗಿರುವುದಿಲ್ಲವೆಂಬುದೂ ನನಗೆ ಗೊತ್ತು.

ನಿನ್ನೆ ಅವನು ಬಸ್ಸಿನಲ್ಲಿ ಎಂದಿನಂತೆ ನನಗೆ ಜಾಗ ಹಿಡಿದಿದ್ದ. ಹಗರಿ ದಾಟುವವರೆಗೆ ನಾಲಿಗೆ ಹೊರಳಲಿಲ್ಲ, ಆಮೇಲೆ ಹೇಳಿಬಿಟ್ಟೆ. ಅವನು ಕಿಟಕಿಯ ಕಡೆ ತಿರುಗಿ, "ಹಂಗಾದ್ರ ಎದುರ್ಗಡೆ ತಂಡದಾಗ ಸಿಗ್ತೀನಿ ಬಿಡಲೇ" ಎಂದ.