ಮೂವರ ಉಗ್ರಾಣಕ್ಕೆ ಏಳು ಮಂದಿ

ಪ್ರಳಯದ ಮಾತೆಂದರೆ ನಮ್ಮ ಜನಕ್ಕೆ ಎಂದಿನಿಂದಲೂ ಭಯವೂ ಉಂಟು, ಕುತೂಹಲವೂ ಉಂಟು. 1962ನೇ ಇಸವಿ ಫೆಬ್ರವರಿ 3ರಿಂದ 5ರವರೆಗೆ ಮಕರ ರಾಶಿಯಲ್ಲಿ ಎಂಟು ಗ್ರಹಗಳು ಕೂಡುತ್ತವೆ, ಅಲ್ಲಿಗೆ ಲೋಕದ ಕಥೆ ಮುಗಿಯಿತು ಎಂದು ಜ್ಯೋತಿಷಿಗಳು ಸಾರಿದಾಗ ದೇಶದ ಉದ್ದಗಲಕ್ಕೂ ಹೋಮ ಹವನಗಳು ನಡೆದವು. ತುಪ್ಪ ಬೆಂಕಿಗೆ ಹೋಯಿತು. 6ನೇ ತಾರೀಖು ಸೂರ್ಯ ಎಂದಿನಂತೆ ಹುಟ್ಟಿದ, ದುಡಿಯುವವರು ಎಂದಿನಂತೆ ಕೆಲಸಕ್ಕೆ ಹೋದರು. ಅದೇ ತಿಂಗಳು ಮೂರನೆಯ ಮಹಾಚುನಾವಣೆ ಬೇರೆ. ಪ್ರಳಯಕ್ಕೆ ಹೆದರಿ ನಾಮಪತ್ರ ಹಿಂದಕ್ಕೆ ಪಡೆದ ಧಣಿಗಳ ಸುದ್ದಿಯನ್ನು ಮಾತ್ರ ನಾವು ಕೇಳಿಲ್ಲ.

ಅಷ್ಟಗ್ರಹದ ಭಯ ನಗುವಂಥದೇ. ಆದರೆ ಲೋಕ ಮುಗಿಯುವ ಕಥೆಯೊಳಗೆ ನಗದೆ ಕೇಳಬೇಕಾದ ಒಂದು ಪ್ರಶ್ನೆಯೂ ಅಡಗಿದೆ. ಅದನ್ನು ನೇರವಾಗಿ ಕೇಳಿದ್ದು ಅಮೆರಿಕದ ಒಂದು ಬಡ ಸಿನಿಮಾ.

ಅದರ ಹೆಸರು 'ಡೇ ದಿ ವರ್ಲ್ಡ್ ಎಂಡೆಡ್', ಎಂದರೆ ಲೋಕ ಮುಗಿದ ದಿನ. ತೆಗೆದವರು ರೋಜರ್ ಕಾರ್ಮನ್, ಕಾಲ 1955. ಖರ್ಚು ಒಂದು ಲಕ್ಷ ಡಾಲರಿಗೂ ಕಡಿಮೆ. ಆಗಿನ ವಿನಿಮಯದಲ್ಲಿ ಐದು ಲಕ್ಷ ರೂಪಾಯಿಯ ಒಳಗೆ. ಚಿತ್ರೀಕರಣ ಮುಗಿದದ್ದು ಸುಮಾರು ಹತ್ತು ದಿನಗಳಲ್ಲಿ. ಅದರಲ್ಲಿ ಬರುವ ಮೂರು ಕಣ್ಣಿನ ರಾಕ್ಷಸನ ರಬ್ಬರಿನ ವೇಷವನ್ನು ಪಾಲ್ ಬ್ಲೈಸ್‌ಡೆಲ್ ಎಂಬ ಕುಶಲ ಕೆಲಸಗಾರ ತಾನೇ ತಯಾರಿಸಿ, ತಾನೇ ತೊಟ್ಟು ನಟಿಸಿದ. ಇಬ್ಬರ ಕೂಲಿ ಒಬ್ಬನಿಗೇ ಸಂದಿತೋ, ಒಬ್ಬನ ಕೂಲಿಗೆ ಎರಡು ಕೆಲಸ ಮಾಡಿಸಿಕೊಂಡರೋ, ಅದು ಬೇರೆ ವಿಚಾರ. ಈಗಿನ ಹುಡುಗರು ಮೊಬೈಲಿನಲ್ಲಿ ಇದನ್ನು ನೋಡಿದರೆ ಬಿದ್ದು ಬಿದ್ದು ನಗುತ್ತಾರೆ. ನಗಲಿ.

ಕಥೆ ಇಷ್ಟು. ಅಣುಬಾಂಬಿನ ಯುದ್ಧ ಸಿನಿಮಾ ಶುರುವಾಗುವಷ್ಟರಲ್ಲೇ ಮುಗಿದಿರುತ್ತದೆ. ಪಟ್ಟಣಗಳು ಉರುಳುವುದನ್ನು ತೋರಿಸಲು ನಿರ್ಮಾಪಕನ ಕೈಯಲ್ಲಿ ಕಾಸಿಲ್ಲ. ಸೀಸದ ಅದಿರಿರುವ ಬೆಟ್ಟಗಳ ನಡುವೆ ಒಂದು ಕಣಿವೆ, ಅದರಲ್ಲಿ ಒಂದು ಮನೆ. ವಿಷದ ಗಾಳಿ ಅಲ್ಲಿಗೆ ಬಂದಿಲ್ಲ. ಮನೆಯ ಯಜಮಾನ ನೌಕಾಪಡೆಯ ನಿವೃತ್ತ ಅಧಿಕಾರಿ. ಇಂಥ ದಿನ ಬರುತ್ತದೆಂದು ಮೊದಲೇ ತಿಳಿದು ದಿನಸಿ ಕೂಡಿಟ್ಟಿದ್ದಾನೆ: ತನಗೆ, ಮಗಳಿಗೆ, ಅವಳನ್ನು ಮದುವೆಯಾಗಬೇಕಾದ ಹುಡುಗನಿಗೆ. ಮೂವರ ಲೆಕ್ಕ. ಆ ಹುಡುಗ ಬರುವುದೇ ಇಲ್ಲ. ಬರುವವರು ಬೇರೆ ಐದು ಮಂದಿ: ಒಬ್ಬ ಭೂಗರ್ಭಶಾಸ್ತ್ರಜ್ಞ, ಅವನು ಹೊತ್ತು ತಂದ ಒಬ್ಬ ರೋಗಿ, ಒಬ್ಬ ಪುಂಡ, ಅವನ ಜೊತೆಗಾತಿಯಾದ ಕುಣಿತದ ಹೆಣ್ಣು, ಕತ್ತೆಯೊಡನೆ ಒಬ್ಬ ಮುದುಕ. ಒಟ್ಟು ಏಳು. ಬಾಗಿಲು ತೆರೆಯಕೂಡದೆಂದು ಅಪ್ಪ, ತೆರೆಯಲೇಬೇಕೆಂದು ಮಗಳು. ಬಾಗಿಲು ತೆರೆಯುತ್ತದೆ. ಆಮೇಲಿನ ಚಿತ್ರವೆಲ್ಲ ಆ ಉಗ್ರಾಣದ ಸುತ್ತಲೇ.

ಅಂಗಡಿ ಇಟ್ಟವರಿಗೂ ಸಂಬಳದಲ್ಲಿ ಸಂಸಾರ ನಡೆಸುವವರಿಗೂ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೂವರಿಗೆ ಎಸರಿಟ್ಟ ಹೊತ್ತಿಗೆ ನಾಲ್ವರು ನೆಂಟರು ಬಂದರೆ ಏನಾಗುತ್ತದೆಂದು ಪ್ರತಿ ಅಡುಗೆಮನೆಗೂ ಗೊತ್ತು. ಕೋಟಿಗಟ್ಟಲೆ ಸುರಿದು ತೆಗೆದ ಪ್ರಳಯದ ಚಿತ್ರಗಳಲ್ಲಿ ಬೆಟ್ಟದೆತ್ತರದ ಅಲೆ ಕಾಣುತ್ತದೆ, ಅಕ್ಕಿಯ ಚೀಲ ಕಾಣುವುದಿಲ್ಲ. 2009ರಲ್ಲಿ ಬಂದ '2012' ಎಂಬ ಚಿತ್ರವನ್ನೇ ನೋಡಿ. ಭೂಮಿಯ ಒಡಲು ಕಾಯುತ್ತಿರುವುದನ್ನು ಮೊದಲು ಕಂಡುಹಿಡಿಯುವವನು ಒಬ್ಬ ಭಾರತೀಯ ವಿಜ್ಞಾನಿ. ಉಳಿಯಲಿಕ್ಕೆಂದು ಕಟ್ಟಿದ ಹಡಗುಗಳಲ್ಲಿ ಶ್ರೀಮಂತರಿಗೆ ಒಂದೊಂದು ಜಾಗ ನೂರು ಕೋಟಿ ಯೂರೋಗೆ ಮಾರಾಟವಾಗುತ್ತದೆ. ಆ ವಿಜ್ಞಾನಿಯನ್ನು ಕರೆದೊಯ್ಯಬೇಕಾಗಿದ್ದ ವಿಮಾನ ಬರುವುದೇ ಇಲ್ಲ. ಹೆಂಡತಿ ಮಗುವಿನೊಡನೆ ನೀರಿಗೆ ಸಿಕ್ಕಿ ಸಾಯುತ್ತಾನೆ. ಚಿತ್ರ ಅವನಿಗಾಗಿ ಎರಡು ನಿಮಿಷ ಮರುಗಿ ಮುಂದಕ್ಕೆ ಹೋಗುತ್ತದೆ.

ಬಡ ಸಿನಿಮಾಕ್ಕೆ ಅಲೆ ಎಬ್ಬಿಸುವ ಶಕ್ತಿಯಿಲ್ಲ. ಆದ್ದರಿಂದಲೇ ಅದರ ಕ್ಯಾಮೆರಾ ಉಗ್ರಾಣದ ಬಾಗಿಲಲ್ಲಿ ನಿಂತಿತು. ಅದು ಅದರ ಪುಣ್ಯ ಎನ್ನುತ್ತೇವೆ.

ಹಾಗೆಂದು ಈ ಚಿತ್ರವನ್ನು ಹೊಗಳಿ ಕೂರುವವರು ನಾವಲ್ಲ. ಇಷ್ಟು ಒಳ್ಳೆಯ ಪ್ರಶ್ನೆ ಎತ್ತಿ ಕೊನೆಗೆ ಅದು ಮಾಡುವುದೇನು? ಕುಣಿತದ ಹೆಣ್ಣನ್ನು ಪುಂಡ ಬಂಡೆಯ ಮೇಲಿಂದ ತಳ್ಳುತ್ತಾನೆ. ಮುದುಕ ಕಣಿವೆ ದಾಟಿ ಹೋಗಿ ಸಾಯುತ್ತಾನೆ. ರೋಗಿ ರಾಕ್ಷಸನ ಪಾಲು. ಪುಂಡ ಯಜಮಾನನ ಗುಂಡಿಗೆ ಬಲಿ. ಯಜಮಾನ ವಿಕಿರಣದ ಕಾಯಿಲೆಗೆ ಬಲಿ. ಉಳಿದವರು ಇಬ್ಬರು, ವಿಜ್ಞಾನಿ ಮತ್ತು ಯಜಮಾನನ ಮಗಳು. ಕೈ ಕೈ ಹಿಡಿದು ಹೊರಡುತ್ತಾರೆ, ತೆರೆಯ ಮೇಲೆ 'ಮುಕ್ತಾಯ' ಎನ್ನುವ ಕಡೆ 'ಆರಂಭ' ಎಂದು ಅಕ್ಷರ ಮೂಡುತ್ತದೆ. ಮೂವರ ಉಗ್ರಾಣವನ್ನು ಏಳು ಮಂದಿ ಹಂಚಿಕೊಳ್ಳುವುದು ಹೇಗೆಂಬ ಲೆಕ್ಕವನ್ನು ಚಿತ್ರ ಬಿಡಿಸಲೇ ಇಲ್ಲ. ಉಣ್ಣುವವರನ್ನು ಕೊಂದು ಲೆಕ್ಕ ಸರಿಮಾಡಿತು. ಬೀಗದ ಕೈ ಯಜಮಾನನ ಸೊಂಟದಲ್ಲಿ ಏಕಿರಬೇಕೆಂಬ ಮಾತೂ ಯಾರ ಬಾಯಲ್ಲೂ ಬರುವುದಿಲ್ಲ.

1951ರ 'ವೆನ್ ವರ್ಲ್ಡ್ಸ್ ಕೊಲೈಡ್' ಎಂಬ ಇನ್ನೊಂದು ಚಿತ್ರ ಈ ವಿಷಯದಲ್ಲಿ ಕೊಂಚ ಧೈರ್ಯ ತೋರಿಸಿತ್ತು. ನಿರ್ಮಾಪಕ ಜಾರ್ಜ್ ಪಾಲ್. ಆಕಾಶದ ನಕ್ಷತ್ರವೊಂದು ಭೂಮಿಗೆ ಅಪ್ಪಳಿಸಲಿದೆ. ಬೇರೆ ಗ್ರಹಕ್ಕೆ ಹಾರಿಹೋಗಲು ಒಂದು ರಾಕೆಟ್ಟು ಕಟ್ಟುತ್ತಾರೆ. ಗಾಲಿಕುರ್ಚಿಯ ಕೋಟ್ಯಧೀಶನೊಬ್ಬ ಹಣ ಕೊಡುತ್ತಾನೆ, ತನಗೊಂದು ಜಾಗ ಎಂಬ ಕರಾರಿನ ಮೇಲೆ. ಹಗಲಿರುಳು ಕಟ್ಟಿದವರಿಗೆ ಚೀಟಿ ಎತ್ತುವ ಭಾಗ್ಯ. ಚೀಟಿ ಬಾರದವರು ಕೊನೆಗಳಿಗೆಯಲ್ಲಿ ಬಂದೂಕು ಹಿಡಿದು ರಾಕೆಟ್ಟಿಗೆ ನುಗ್ಗುತ್ತಾರೆ. ಚಿತ್ರ ಅವರನ್ನು ದೊಂಬಿಯವರೆಂದು ತೋರಿಸಿದೆ. ಕಟ್ಟಿದ ಕೈಗೆ ಜಾಗವಿಲ್ಲವೆಂದರೆ ಅದು ದೊಂಬಿಯೋ ನ್ಯಾಯವೋ ಎಂಬುದನ್ನು ನಮ್ಮ ಓದುಗರು ತಾವೇ ಹೇಳಬಲ್ಲರು.

ಇದೆಲ್ಲ ಹಾಲಿವುಡ್ಡಿನ ಕಟ್ಟುಕಥೆ, ಕವಲಂದೆಗೂ ನಂಜನಗೂಡಿಗೂ ಏನು ಸಂಬಂಧ ಎಂದು ಕೇಳುವವರು ಇದ್ದಾರೆ. ಲೋಕ ಮುಗಿದ ದಿನ ಈ ಸೀಮೆಗೆ ಒಮ್ಮೆ ಬಂದು ಹೋಗಿದೆ, ಸ್ವಾಮಿ. ಧಾತು ಈಶ್ವರ ಸಂವತ್ಸರಗಳ ಬರ ಅದು, 1876ರಿಂದ 78. ಆಗ ಮೈಸೂರು ಸಂಸ್ಥಾನ ಇಂಗ್ಲಿಷರ ಕಮಿಷನರುಗಳ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ 50 ಲಕ್ಷಕ್ಕೂ ಮೇಲೆ. 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಹತ್ತು ವರ್ಷದಲ್ಲಿ ಹುಟ್ಟಿದವರನ್ನೆಲ್ಲ ಸೇರಿಸಿಕೊಂಡೂ ಎಂಟು ಲಕ್ಷ ಮಂದಿ ಲೆಕ್ಕದಲ್ಲಿ ಇಲ್ಲ. ಯಾವ ನಕ್ಷತ್ರವೂ ಬಂದು ಅಪ್ಪಳಿಸಿರಲಿಲ್ಲ.

ದವಸ ಕೂಡಿಡುವ ವಿದ್ಯೆ ನಮ್ಮ ರೈತರಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ನೆಲದೊಳಗೆ ಹಗೇವು ತೋಡಿ, ರಾಗಿ ತುಂಬಿ, ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದು. ರಾಗಿಗೆ ಹುಳು ಬೀಳುವುದೂ ಅಪರೂಪ. ಹಗೇವು ತೆರೆದ ಕೂಡಲೇ ಒಳಗಿಳಿದರೆ ಕೆಟ್ಟ ಗಾಳಿಗೆ ಉಸಿರು ಕಟ್ಟಿ ಸತ್ತಾರೆಂದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ ಇಳಿಯುವ ಎಚ್ಚರವೂ ಇತ್ತು. ಆದರೆ ಹಗೇವು ಹೊಲವಿದ್ದವನದು. ಕೂಲಿಯವನಿಗೆ, ನೇಯುವವನಿಗೆ ಹಗೇವು ಎಲ್ಲಿಂದ ಬರಬೇಕು? ಅವರಿಗೆ ಉಳಿದದ್ದು ಸರ್ಕಾರದ ಉಗ್ರಾಣ. ಅದರ ಅಳತೆ ಎಂಥದೆಂದರೆ, ಪಕ್ಕದ ಮದರಾಸು ಪ್ರಾಂತ್ಯದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ದೊರೆ 1877ರಲ್ಲಿ ಬರಗಾಲದ ಕಾಮಗಾರಿಯಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯವೂ ಜೊತೆಗೆ ಚಿಲ್ಲರೆ ಕಾಸೂ ಸಾಕೆಂದು ಗೊತ್ತುಮಾಡಿದ. ಇದರಲ್ಲಿ ದುಡಿಯುವ ಮನುಷ್ಯ ಬದುಕಲಾರನೆಂದು ಆ ಪ್ರಾಂತ್ಯದ ಆರೋಗ್ಯಾಧಿಕಾರಿ ಕಾರ್ನಿಷ್ ಸಾಹೇಬನೇ ಜಗಳವಾಡಿದ. ಅದೇ ವರ್ಷಗಳಲ್ಲಿ ಭಾರತದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಉಗ್ರಾಣ ಬರಿದಾಗಿ ಜನ ಸತ್ತದ್ದಲ್ಲ. ಕಾರ್ಮನ್ ತನ್ನ ಚಿತ್ರದಲ್ಲಿ ಲೆಕ್ಕ ಸರಿಮಾಡಿದ ರೀತಿಯನ್ನು ದೊರೆಗಳು ಮೊದಲೇ ಕಲಿತಿದ್ದರು.

ಅದು ಪರಕೀಯರ ಆಳ್ವಿಕೆ ಎನ್ನಬಹುದು. ಹಾಗಾದರೆ 2020ಕ್ಕೆ ಬನ್ನಿ. ಮಾರ್ಚ್ 22ರಂದು ದೇಶದ ಪ್ರಯಾಣಿಕರ ರೈಲುಗಳು ನಿಂತವು, ಕವಲಂದೆ ನಿಲ್ದಾಣವೂ ನಿಶ್ಶಬ್ದವಾಯಿತು. 25ರಿಂದ ಊರೂರಿಗೂ ಬೀಗ. ಆ ತಿಂಗಳ ಕೊನೆಗೆ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ಕೆಲಸಗಾರರಲ್ಲಿ ಸೋಂಕು ಕಂಡು ನೂರಾರು ಮಂದಿ ಮನೆಯೊಳಗೇ ಸೆರೆಯಾದರು. ಆಗ ಸರ್ಕಾರದ ಗೋದಾಮುಗಳಲ್ಲಿ ಇರಬೇಕಾದ ಕಾಪು ದಾಸ್ತಾನಿನ ಎರಡು ಪಟ್ಟಿಗೂ ಮೀರಿ ಅಕ್ಕಿ ಗೋಧಿ ತುಂಬಿತ್ತು. ಪಡಿತರ ಚೀಟಿ ಇದ್ದವರಿಗೆ ಹೆಚ್ಚುವರಿ ಧಾನ್ಯದ ಘೋಷಣೆ ಬೇಗನೆ ಬಂತು, ಅದನ್ನು ಇಲ್ಲವೆನ್ನುವುದಿಲ್ಲ. ಚೀಟಿಯಿಲ್ಲದೆ ಪರಊರಿಗೆ ದುಡಿಯಲು ಬಂದವರಿಗೆ ತಲೆಗೆ ಐದು ಕಿಲೋ ಕೊಡುತ್ತೇವೆಂದು ಕೇಂದ್ರ ಸರ್ಕಾರ ಹೇಳಿದ್ದು ಮೇ 14ರಂದು. ಬೀಗ ಬಿದ್ದು ಐವತ್ತು ದಿನವಾಗಿತ್ತು. ಊರಿಗೆ ಹೋಗುತ್ತೇವೆಂದರೆ ಮೇ 5ರಂದು ನಮ್ಮ ರಾಜ್ಯ ಸರ್ಕಾರ, ಕಟ್ಟಡದ ಗುತ್ತಿಗೆದಾರರೊಡನೆ ಮಾತುಕತೆ ಮುಗಿಸಿ, ಆ ಶ್ರಮಿಕರ ರೈಲುಗಳೇ ಬೇಡವೆಂದು ರೈಲ್ವೆಗೆ ಬರೆಯಿತು. ಗಲಾಟೆಯಾದ ಮೇಲೆ ಎರಡೇ ದಿನದಲ್ಲಿ ಮಾತು ಬದಲಾಯಿತು. ಕಟ್ಟುವವನಿಗೆ ಜಾಗ ಕೊಡದ ರಾಕೆಟ್ಟು ಸಿನಿಮಾದಲ್ಲಿ. ಕಟ್ಟುವವನನ್ನು ಹೊರಡಲೂ ಬಿಡದ ರೈಲು ನಮ್ಮಲ್ಲಿ.

ಆ ಐವತ್ತು ದಿನ ಬಡವರ ಒಲೆ ಉರಿದದ್ದರಲ್ಲಿ ಬೀದಿಬದಿಯ ಕಿರಾಣಿ ಅಂಗಡಿಯ ಕಡದ ಪುಸ್ತಕದ ಪಾಲು ಸಣ್ಣದಲ್ಲ. ದೊಡ್ಡ ಮಂಡಿಯ ಸಾಲ ತೀರಿಸುವ ಚಿಂತೆ ತನಗೇ ಇದ್ದರೂ ಚಿಕ್ಕ ವ್ಯಾಪಾರಿ ಅರ್ಧ ಕಿಲೋ ಬೇಳೆ ಬರೆದುಕೊಂಡು ಕೊಟ್ಟ. ಎಲ್ಲರೂ ಹಾಗಿದ್ದರೆನ್ನಲಾರೆವು, ಬೆಲೆ ಏರಿಸಿದವರೂ ಇದ್ದರು, ಅವರ ಗುರುತು ಅವರವರ ಊರಿಗೆ ಇದೆ. ಆದರೆ ಕೊಟ್ಟವನ ಬಾಕಿಗೆ ಹೊಣೆ ಯಾರು? ಉಗ್ರಾಣದ ಕೆಲಸವನ್ನು ಅವನು ಮಾಡಿದ, ನಷ್ಟವನ್ನೂ ಅವನೇ ಹೊತ್ತ.

ಇನ್ನೊಂದು ಅಣುಯುದ್ಧಕ್ಕೋ ನಕ್ಷತ್ರಕ್ಕೋ ಕಾಯಬೇಕಾಗಿಲ್ಲ. 2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ನ್ಯಾಯಬೆಲೆ ಅಂಗಡಿಯ ಮಟ್ಟದಲ್ಲೂ ಜಾಗೃತ ಸಮಿತಿ ಇರಬೇಕು. ಕವಲಂದೆಯಲ್ಲಿ ಆ ಸಮಿತಿಯವರು ಯಾರು, ಕಳೆದ ಸಲ ಎಂದು ಸೇರಿದ್ದರು, ದಾಸ್ತಾನಿನ ಪುಸ್ತಕ ನೋಡಿದರೆ, ಚೀಟಿಯಿಲ್ಲದೆ ಈ ಊರಿನಲ್ಲಿ ದುಡಿಯುವವರು ಎಷ್ಟು ಮಂದಿ ಎಂಬ ಪಟ್ಟಿ ಯಾರ ಬಳಿಯಾದರೂ ಇದೆಯೆ? ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ. ಸಭೆಯನ್ನು ಬೆಳಗ್ಗೆ ಹನ್ನೊಂದಕ್ಕೆ ಇಡಬೇಡಿ, ಪಾಳಿ ಮುಗಿಸಿ ಬಂದವರೂ ಅಂಗಡಿ ಮುಚ್ಚಿ ಬಂದವರೂ ಕೂರುವಂತೆ ಸಂಜೆ ಇಡಿ ಎಂಬುದನ್ನೂ ಕೇಳಿ.