ಮಗುವಿನ ಶಾಲೆ ‘ಅಕಾಡೆಮಿ’ ಆಗುತ್ತಿದೆಯೇ?

ಹೋದ ತಿಂಗಳು ಒಂದು ರಾತ್ರಿ ಹನ್ನೊಂದು ಗಂಟೆಗೆ ಇಂಗ್ಲೆಂಡಿನಲ್ಲಿರುವ ನನ್ನ ನಾದಿನಿಯ ಫೋನು. ಆ ಹೊತ್ತಿನಲ್ಲಿ ಫೋನ್ ಬಂದರೆ ಎದೆ ಧಸಕ್ ಎನ್ನುತ್ತದೆ, ನಿಮಗೂ ಗೊತ್ತಲ್ಲ. ಸದ್ಯ, ಯಾರಿಗೂ ಏನೂ ಆಗಿರಲಿಲ್ಲ. ಮಗನ ಶಾಲೆ ಅಕಾಡೆಮಿಯಾಗಲು ಯೋಚಿಸುತ್ತಿದೆ, ಪೋಷಕರು ಅಭಿಪ್ರಾಯ ತಿಳಿಸಬೇಕು ಅಂತ ಒಂದು ಪತ್ರ ಬಂದಿತ್ತು. “ಅತ್ತಿಗೆ, ಸರ್ಕಾರಿ ಶಾಲೆ ಪ್ರೈವೇಟ್ ಆಗ್ತಿದೆಯಂತೆ. ಇನ್ಮೇಲೆ ಫೀಸು ಎಷ್ಟು ಕೇಳ್ತಾರೋ!” ಎಂಬುದು ಅವಳ ಗಾಬರಿ.

ಈಗ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಹೊರದೇಶದಲ್ಲಿದ್ದಾರೆ. ನಿಮ್ಮ ಮಗಳೋ ತಂಗಿಯೋ ಇಂಗ್ಲೆಂಡಿನಲ್ಲಿದ್ದರೆ ಈ ಪುಟದ ಫೋಟೊ ತೆಗೆದು ಕಳಿಸಿಬಿಡಿ. (ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಈ ಪದ್ಧತಿ ಇಲ್ಲ.)

ಮೊದಲು ಫೀಸಿನ ಭಯ ಬಿಡಿ. ಅಕಾಡೆಮಿ ಮಕ್ಕಳ ಪ್ರವೇಶಕ್ಕಾಗಲೀ ಪಾಠಕ್ಕಾಗಲೀ ಶುಲ್ಕ ಕೇಳುವಂತಿಲ್ಲ. ಪ್ರವಾಸಕ್ಕೆ, ಸಂಗೀತ ಪಾಠಕ್ಕೆ ಅಷ್ಟಿಷ್ಟು ಕೇಳುವುದು ಮೊದಲೂ ಇತ್ತು, ಮುಂದೂ ಇರುತ್ತದೆ. ಚಿಕ್ಕ ತರಗತಿಯ ಮಕ್ಕಳಿಗೆ 2014ರಿಂದ ಕೊಡುತ್ತಿರುವ ಉಚಿತ ಊಟವೂ ನಿಲ್ಲುವುದಿಲ್ಲ. ನಮ್ಮ ಕಡೆಯ ಅನುದಾನಿತ ಶಾಲೆಗಳನ್ನು ನೆನೆದರೆ ವಿಷಯ ಸುಲಭವಾಗಿ ಅರ್ಥವಾಗುತ್ತದೆ. ದುಡ್ಡು ಸರ್ಕಾರದ್ದು, ಆಡಳಿತ ಮಂಡಳಿ ಬೇರೆಯವರದು. ಮೊದಲು ಊರಿನ ಕೌನ್ಸಿಲ್ ಮೂಲಕ ಬರುತ್ತಿದ್ದ ಹಣ ಈಗ ನೇರವಾಗಿ ಲಂಡನ್ನಿನ ಶಿಕ್ಷಣ ಇಲಾಖೆಯಿಂದ ಬರುತ್ತದೆ. ಶಾಲೆ ನಡೆಸುವುದು ಒಂದು ಟ್ರಸ್ಟ್. ಅದು ಲಾಭ ಮಾಡುವಂತಿಲ್ಲ.

ಇದು ಶುರುವಾದದ್ದು ಟೋನಿ ಬ್ಲೇರ್ ಕಾಲದಲ್ಲಿ, ನಗರಗಳ ಸೋತ ಶಾಲೆಗಳನ್ನು ಎತ್ತಿ ನಿಲ್ಲಿಸಲು. ಮೊದಲ ಮೂರು ಅಕಾಡೆಮಿಗಳು 2002ರಲ್ಲಿ ತೆರೆದವು. 2010ರ ಕಾನೂನು ಚೆನ್ನಾಗಿ ನಡೆಯುತ್ತಿದ್ದ ಶಾಲೆಗಳಿಗೂ, ಪ್ರಾಥಮಿಕ ಶಾಲೆಗಳಿಗೂ ಬಾಗಿಲು ತೆರೆಯಿತು. ಎಲ್ಲ ಶಾಲೆಗಳೂ ಅಕಾಡೆಮಿ ಆಗಲೇಬೇಕು ಅಂತ 2016ರಲ್ಲಿ ಸರ್ಕಾರ ಹೊರಟಿತ್ತು, ವಿರೋಧ ಬಂದು ಕೆಲವೇ ವಾರಗಳಲ್ಲಿ ಹಿಂದೆ ಸರಿಯಿತು. ಆದರೂ ಈಗ ಅಲ್ಲಿನ ಪ್ರೌಢಶಾಲೆಗಳಲ್ಲಿ ಶೇ 80ಕ್ಕೂ ಹೆಚ್ಚು, ಪ್ರಾಥಮಿಕ ಶಾಲೆಗಳಲ್ಲಿ ಶೇ 40ಕ್ಕೂ ಹೆಚ್ಚು ಅಕಾಡೆಮಿಗಳೇ.

ಹಾಗಾದರೆ ತಲೆ ಕೆಡಿಸಿಕೊಳ್ಳುವಂಥದ್ದೇನಿದೆ? ಇದೆ. ಬದಲಾಗುವುದು ಫೀಸಲ್ಲ, ತೀರ್ಮಾನ ಮಾಡುವವರು ಯಾರು ಅನ್ನೋದು. ಶಾಲೆ ಒಂಟಿಯಾಗಿ ಅಕಾಡೆಮಿಯಾಗುತ್ತದೋ, ಹತ್ತಾರು ಶಾಲೆಗಳಿರುವ ದೊಡ್ಡ ಟ್ರಸ್ಟ್ ಸೇರುತ್ತದೋ ಎಂಬುದನ್ನು ಪತ್ರದಲ್ಲಿ ಮೊದಲು ಹುಡುಕಿ. ದೊಡ್ಡ ಟ್ರಸ್ಟ್ ಸೇರಿದರೆ ಬಜೆಟ್, ಮುಖ್ಯೋಪಾಧ್ಯಾಯರ ನೇಮಕ ಎಲ್ಲವೂ ಟ್ರಸ್ಟಿನ ಕೈಗೆ. ನಿಮ್ಮ ಶಾಲೆಯ ಸ್ಥಳೀಯ ಸಮಿತಿ ಉಳಿದರೂ ಟ್ರಸ್ಟ್ ಎಷ್ಟು ಅಧಿಕಾರ ಬಿಟ್ಟುಕೊಡುತ್ತದೋ ಅಷ್ಟೇ ಅದರದು. ಅಧಿಕಾರ ಹಂಚಿಕೆಯ ಆ ಕಾಗದವನ್ನು ಸಭೆಗೆ ಮುಂಚೆಯೇ ಕೇಳಿ ಪಡೆಯಿರಿ. ಪೋಷಕರಿಂದ ಆಯ್ಕೆಯಾದ ಇಬ್ಬರು ಟ್ರಸ್ಟ್ ಮಂಡಳಿಯಲ್ಲಿ ಕೂರುತ್ತಾರೋ, ಪ್ರತಿ ಶಾಲೆಯ ಸಮಿತಿಯಲ್ಲೋ ಅಂತಲೂ ಕೇಳಿ. ಮೂವತ್ತು ಶಾಲೆಗೆ ಇಬ್ಬರು ಪೋಷಕರಾದರೆ ನಿಮ್ಮ ಮಾತು ಯಾರಿಗೆ ಕೇಳಿಸೀತು ಹೇಳಿ?

ದೂರಿನ ದಾರಿಯೂ ಬದಲಾಗುತ್ತದೆ. ಮೊದಲು ಕೌನ್ಸಿಲ್ಲಿಗೆ ಹೋಗಿ ಜಗಳ ಮಾಡಿದವರು ಈಗ ಶಾಲೆಗೆ, ಟ್ರಸ್ಟಿಗೆ ಬರೆಯಬೇಕು. ಅಲ್ಲಿ ನಿಮ್ಮ ಅಹವಾಲು ಕೇಳುವ ಸಮಿತಿಯಲ್ಲಿ ಶಾಲೆಗೆ ಸಂಬಂಧವಿಲ್ಲದ ಒಬ್ಬರಾದರೂ ಇರಬೇಕು. ಅದೂ ಮುಗಿದ ಮೇಲೆ ಇಲಾಖೆ. ಪ್ರವೇಶದ ನಿಯಮಗಳನ್ನು ಟ್ರಸ್ಟೇ ಮಾಡುತ್ತದೆ, ಆದರೆ ದೇಶಕ್ಕೆಲ್ಲ ಒಂದೇ ಆದ ಪ್ರವೇಶ ಸಂಹಿತೆ ಮೀರುವಂತಿಲ್ಲ. ಅಣ್ಣ ಓದುವ ಶಾಲೆಯಲ್ಲಿ ತಮ್ಮನಿಗೆ ಆದ್ಯತೆ ಮುಂದುವರಿಯುತ್ತದೆಯೇ ಅಂತ ಈಗಲೇ ಕೇಳಿ. ಇನ್ನು ಕಲಿಕೆಗೆ ವಿಶೇಷ ನೆರವು ಬೇಕಾದ ಮಕ್ಕಳ ತಾಯಂದಿರು ಒಂದು ಮಾತು ನೆನಪಿಡಿ. ಮಗುವಿಗೆ ಕೌನ್ಸಿಲ್ ಬರೆದುಕೊಟ್ಟ ನೆರವಿನ ಯೋಜನೆ ಇದ್ದರೆ, ಅದರ ಹೊಣೆ ಶಾಲೆ ಬದಲಾದರೂ ಕೌನ್ಸಿಲ್ಲಿನದೇ. “ನಾವೀಗ ಅಕಾಡೆಮಿ, ಅದು ನಮಗೆ ಬರಲ್ಲ” ಅಂತ ಯಾರಾದರೂ ಅಂದರೆ ಒಪ್ಪಬೇಡಿ.

ಪಾಠದ ವಿಷಯಕ್ಕೆ ಬಂದರೆ, ರಾಷ್ಟ್ರೀಯ ಪಠ್ಯಕ್ರಮವನ್ನೇ ಅನುಸರಿಸಬೇಕಿಲ್ಲ ಎಂಬ ಸ್ವಾತಂತ್ರ್ಯವನ್ನು ಅಕಾಡೆಮಿಗಳಿಗೆ ಕೊಟ್ಟಿದ್ದರು. 2024ರ ಡಿಸೆಂಬರಿನಲ್ಲಿ ಸಂಸತ್ತಿಗೆ ಬಂದ ಮಸೂದೆ ಇದನ್ನು ಬಿಗಿಗೊಳಿಸುವಂಥದ್ದು. ಹಾಗಾಗಿ ನೆರೆಮನೆಯವರ ಹಳೆಯ ಅನುಭವ ನಂಬುವ ಬದಲು ಶಾಲೆಯನ್ನೇ ಕೇಳುವುದು ಮೇಲು.

ನನಗೆ ತುಂಬ ಮುಖ್ಯ ಅನ್ನಿಸಿದ್ದು ಸಮಯದ ಮಾತು. ಒಮ್ಮೆ ಅಕಾಡೆಮಿಯಾದ ಶಾಲೆ ‘ಬೇಡಪ್ಪಾ’ ಅಂತ ಕೌನ್ಸಿಲ್ಲಿಗೆ ವಾಪಸ್ ಬರುವ ದಾರಿ ಇಲ್ಲ. ಒಂದು ಟ್ರಸ್ಟ್ ಕೈಬಿಟ್ಟರೆ ಇನ್ನೊಂದು ಟ್ರಸ್ಟಿಗೆ ಹೋಗುತ್ತದೆ, ಅಷ್ಟೇ. 2017ರ ಸೆಪ್ಟೆಂಬರಿನಲ್ಲಿ, ಶಾಲಾ ವರ್ಷ ಆಗಷ್ಟೇ ಶುರುವಾಗಿತ್ತು, ವೇಕ್‌ಫೀಲ್ಡ್ ಸಿಟಿ ಅಕಾಡೆಮೀಸ್ ಟ್ರಸ್ಟ್ ತನ್ನ 21 ಶಾಲೆಗಳನ್ನು ನಡೆಸಲಾರೆ ಅಂತ ಕೈಚೆಲ್ಲಿತು. ಆ ಶಾಲೆಗಳೆಲ್ಲ ಬೇರೆ ಟ್ರಸ್ಟುಗಳ ಪಾಲಾದವು. ಆದ್ದರಿಂದ ಸೇರುವ ಟ್ರಸ್ಟಿನ ಲೆಕ್ಕಪತ್ರ ನೋಡಿ. ಪ್ರತಿವರ್ಷ ಅದನ್ನು ಸಾರ್ವಜನಿಕವಾಗಿ ಪ್ರಕಟಿಸಲೇಬೇಕು. ಮೇಲಿನವರ ಸಂಬಳ ಎಷ್ಟು, ಕೈಯಲ್ಲಿ ಉಳಿದದ್ದೆಷ್ಟು ಎಲ್ಲ ಅದರಲ್ಲಿರುತ್ತದೆ. ತಿಂಗಳ ದಿನಸಿ ಲೆಕ್ಕ ಬರೆಯುವ ನಮಗೆ ಅದೇನು ಮಹಾ!

ಶಾಲೆ ತಾನಾಗಿ ಬದಲಾಗುವಾಗ ಅಭಿಪ್ರಾಯ ಕೇಳಲೇಬೇಕು ಅಂತ ಕಾನೂನಿದೆ. ಆದರೆ ಅದು ಮತದಾನವಲ್ಲ, ಕೊನೆಯ ತೀರ್ಮಾನ ಆಡಳಿತ ಸಮಿತಿಯದು. ಅದಕ್ಕೇ ‘ಬೇಡ’ ಅಂತ ಒಂದು ಸಾಲು ಬರೆದರೆ ಸಾಲದು. ಯಾವ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ ಅಂತ ಬರೆದು, ಪ್ರತಿಯೊಂದನ್ನು ಇಟ್ಟುಕೊಳ್ಳಿ. ನಮ್ಮೂರ ಶಾಲಾಭಿವೃದ್ಧಿ ಸಮಿತಿಗಳಲ್ಲಿ ಚಹಾ ಕುಡಿದು ಸಹಿ ಹಾಕಿ ಬರುವ ತಾಯಂದಿರನ್ನು ನೋಡಿದ್ದೇನೆ, ನಾನೂ ಒಮ್ಮೆ ಹಾಗೇ ಬಂದವಳು.

ನಾದಿನಿಗೆ “ಅಲ್ಲಿ ಇಂಗ್ಲಿಷಿನವರ ಮುಂದೆ ಎದ್ದು ಕೇಳೋದು ಹೇಗೆ” ಅಂತ ಸಂಕೋಚ. ಪಕ್ಕದ ಬೀದಿಯ ಗುಜರಾತಿ ತಾಯಿಯೊಬ್ಬಳನ್ನು ಜೊತೆ ಮಾಡಿಕೊಂಡಿದ್ದಾಳೆ. ಸಭೆ ಗುರುವಾರ ಸಂಜೆ ಆರೂವರೆಗೆ. ಐದು ಪ್ರಶ್ನೆ ಬರೆದು ನನಗೆ ಓದಿ ಹೇಳಿದಳು, ಮೊದಲನೆಯದು ತಮ್ಮನ ಸೀಟಿನದು.